ಹಗ್ಗ ಹಿಡಿದವಳ ಹಿಂದೆ

ವಿದ್ಯಾ ನಮ್ಮ ಮನೆಗೆ ಕಿರಿಯ ಸೊಸೆಯಾಗಿ ಬಂದಾಗಿನಿಂದ ನನ್ನದು ಅಂತ ಇದ್ದದ್ದೆಲ್ಲ ಒಂದೊಂದಾಗಿ ಅವಳ ಕಡೆ ಹೋಯಿತು. ಮೊದಲು ಹೋದದ್ದು ಒಲೆ. ನಾನು ಬಡಿದ ರೊಟ್ಟಿ ತಿಂದು ಬೆಳೆದ ಮೈದುನ ಮಾಳು, ಹೆಂಡತಿ ಬಂದ ವಾರದಲ್ಲೇ, "ರೊಟ್ಟಿ ಅಂದ್ರ ಹಿಂಗ ಇರ್ಬೇಕು ನೋಡ್ರಿ, ಎಲಿ ಇದ್ದಂಗ" ಅಂದ. ಆಮೇಲೆ ಅತ್ತೆ ಫಕೀರವ್ವನ ತಲೆ. ಆ ತಲೆಗೆ ಎಣ್ಣೆ ಹಚ್ಚುವುದು ನನ್ನ ಕೆಲಸವಾಗಿತ್ತು. "ಸಣ್ಣಾಕಿ ಕೈ ತಂಪೈತಿ" ಅಂತ ಅದೂ ಹೋಯಿತು. ನನ್ನ ಕೈ ಬಿಸಿ, ಬಾಯಿಯೂ ಬಿಸಿ. ಅದು ಊರಿಗೆಲ್ಲ ಗೊತ್ತು.

ಕಾಲು ಮಾತ್ರ ನನ್ನವಾಗಿ ಉಳಿದಿದ್ದವು.

ನಾವು ಕುರಿ ಕಾಯುವ ಮಂದಿ. ಈಗ ಕಾಲುವೆ ನೀರು ಬಂದು ಕಬ್ಬು ಬೆಳೆಯುತ್ತೇವೆ, ಕುರಿಗಳನ್ನು ಊರ ಸುತ್ತಲೇ ಮೇಯಿಸುತ್ತೇವೆ. ನಾನು ಮದುವೆಯಾಗಿ ಬಂದ ಕಾಲದಲ್ಲಿ ಹಾಗಿರಲಿಲ್ಲ. ಮಳೆಗಾಲ ಮುಗಿದರೆ ಗಂಡಸರು ಹಿಂಡು ಹೊಡೆದುಕೊಂಡು ಹೊರಡುತ್ತಿದ್ದರು. ನಾವು ಹೆಂಗಸರು ಪಾತ್ರೆ, ಹಾಸಿಗೆ, ನಡೆಯಲಾರದ ಮರಿಗಳನ್ನೆಲ್ಲ ಕುದುರೆಯ ಮೇಲೆ ಹೇರಿಕೊಂಡು ಮುಂದೆ ಹೋಗಿ ಬಿಡಾರ ಹೂಡುತ್ತಿದ್ದೆವು. ಕುದುರೆಯ ಹಗ್ಗ ಹಿರಿಯ ಸೊಸೆಯ ಕೈಯಲ್ಲಿ. ಹಗ್ಗ ಹಿಡಿದವಳ ಮುಂದೆ ಯಾರೂ ಹೆಜ್ಜೆ ಇಡಬಾರದು, ಇಟ್ಟರೆ ಹಿಂಡು ಚದುರುತ್ತದೆ ಅನ್ನುವುದು ನಮ್ಮ ಮನೆಯ ಪದ್ಧತಿ. ಸುಸ್ತಾದರೆ ಅವಳೇ ಹಗ್ಗವನ್ನು ಕಿರಿಯಳ ಕೈಗೆ ಕೊಡಬೇಕು, ಕಿರಿಯಳು ತಾನಾಗಿ ಕೇಳುವಂತಿಲ್ಲ. ಹಗ್ಗ ಪಡೆದ ಕಿರಿಯಳು ಮುಂದೆ ಹೋಗಿ ತಂಗುವ ಜಾಗ ಮುಟ್ಟಬಹುದು. ಆದರೆ ಹಿರಿಯಳು ಬಂದು ಒಲೆಗೆ ಮೊದಲ ಕಲ್ಲು ಇಡುವ ತನಕ ಕುದುರೆಯ ಹೊರೆ ಇಳಿಸುವಂತಿಲ್ಲ.

ಅಷ್ಟು ವರ್ಷಗಳಲ್ಲಿ ನಾನು ಆ ಹಗ್ಗವನ್ನು ಯಾರ ಕೈಗೂ ಕೊಡಲಿಲ್ಲ. ಹೊಟ್ಟೆಯಲ್ಲಿ ಮಗು ಇದ್ದಾಗಲೂ ಕೊಡಲಿಲ್ಲ. "ಕಾಲಂದ್ರ ಅನ್ನಪೂರ್ಣಾಂದು" ಎಂದು ಅತ್ತೆ ದಾರಿಯಲ್ಲಿ ಸಿಕ್ಕವರಿಗೆಲ್ಲ ಹೇಳುತ್ತಿದ್ದರು. ಕುದುರೆ ಮಾರಿದ ದಿನ ಆ ಕರಿ ಉಣ್ಣೆಯ ಹಗ್ಗ ಬಿಚ್ಚಿ, ಒಂದು ಎಳೆಯನ್ನು ನನ್ನ ಮುಂಗೈಗೆ ಕಟ್ಟಿದರು. ವಿದ್ಯಾ ಬಂದದ್ದು ಅದರ ಮುಂದಿನ ವರ್ಷ. ಕಣಗಲಾ ಊರಿನ ಹೆದ್ದಾರಿ ಬದಿಯ ಒಕ್ಕಲುತನದ ಮನೆಯವಳು. ಕುದುರೆಯನ್ನು ಅವಳು ನೋಡಲೇ ಇಲ್ಲ, ಅತ್ತೆಯ ಬಾಯಿಂದ ಕೇಳಿದ್ದಷ್ಟೇ.

ಈ ವರ್ಷ ಹುಕ್ಕೇರಿಯಿಂದ ಧುಪದಾಳದ ಅಣೆಕಟ್ಟಿನ ತನಕ ದೂರದ ಓಟ ಇಟ್ಟರು. ಗೋಕಾಕದ ಬಸ್ ನಿಲ್ದಾಣದಲ್ಲಿ ಅದರ ಚೀಟಿ ನೋಡಿದ ಮಾಳು ಹೆಂಡತಿಯ ಹೆಸರು ಬರೆಸಿ ಬಂದ. ಸಾಲಿಯಲ್ಲಿದ್ದಾಗ ಅವಳು ಓಡುತ್ತಿದ್ದಳಂತೆ. ಅದನ್ನು ಊಟದ ಹೊತ್ತಿನಲ್ಲಿ ಹೇಳಿದ. ನಾನು ಸಾರಿನ ಸೌಟು ಕೆಳಗಿಟ್ಟೆ.

"ನನ್ನ ಹೆಸರೂ ಬರಸು."

"ವೈನಿ, ಅದು ಹುಕ್ಕೇರಿಯಿಂದ ಧುಪದಾಳ ತನಕಾರಿ."

"ನಾ ಕುದುರಿ ಹಿಡಕೊಂಡು ಕೊಲ್ಲಾಪುರದ ಆಚಿ ತನಕ ಹೋಗಿ ಬಂದಾಕಿ."

"ಅದು ನಡಿಯೂದು. ಇದು ಓಡೂದು."

"ನಡದು ನಡದು ಬ್ಯಾಸರಾದಾಗ ಓಡ್ತಿದ್ನಿ. ಬರಸಂದ್ರ ಬರಸು."

ಅತ್ತೆ ನಕ್ಕರು. ವಿದ್ಯಾ ನಗಲಿಲ್ಲ. "ಅಕ್ಕಾರು ಬಂದ್ರ ನನಗೂ ಧೈರ್ಯ ಆಕ್ಕೈತ್ರಿ" ಅಂದಳು. ಅವಳ ಇಂಥ ಮಾತಿಗೇ ನನ್ನ ಮೈ ಉರಿಯುವುದು. ಜಗಳಕ್ಕೆ ಒಂದು ಹಿಡಿಕೆ ಸಿಗುವುದಿಲ್ಲ.

ಮಾಳು ಅವಳಿಗೆ ಗೋಕಾಕದಿಂದ ಗುಲಾಬಿ ಬಣ್ಣದ ಬೂಟು ತಂದ. ನನಗೂ ಒಂದು ಜೊತೆ ತನ್ನಿ ಎಂದು ನಮ್ಮವರಿಗೆ ಹೇಳಿದೆ. ನಮ್ಮವರು ಬೀಡಿ ಕಚ್ಚಿಕೊಂಡೇ, "ನಿನ್ನ ಹಿಮ್ಮಡ ನೋಡ್ಕೊಂಡೀಯೇನ? ಅದಕ್ಕ ಬೂಟ್ ಹಾಕಿದ್ರ ಬೂಟೇ ಹರೀತೈತಿ" ಅಂದರು. ಬರಿಗಾಲಲ್ಲೇ ಓಡಿದೆ.

ಬೆಳಗಾಗುತ್ತಲೇ ಹೊರಡುತ್ತಿದ್ದೆವು. ಸೀರೆ ಕಚ್ಚೆ ಹಾಕಿಕೊಂಡು, ಕಾಲುವೆಯ ದಂಡೆ ಹಿಡಿದು, ಮೂಡಲಗಿ ದಾರಿ ಕೂಡುವ ಸೇತುವೆ ಮುಟ್ಟಿ ತಿರುಗಿ ಬರುವುದು. ಕಬ್ಬಿನ ಟ್ರ್ಯಾಕ್ಟರುಗಳು ಓಡಾಡಿ ದಂಡೆಯ ಮಣ್ಣು ಹಿಟ್ಟಾಗಿತ್ತು. ಮುಂದೆ ನಾನು, ಹಿಂದೆ ಅವಳು. ಮೊದಲ ದಿನ ನಾನು ಹೇಳಲೂ ಇಲ್ಲ, ಅವಳೇ ಹಿಂದೆ ನಿಂತಳು. ನನ್ನ ಕಾಲಿನ ಧೂಳು ಅವಳ ಹೊಸ ಬೂಟಿನ ಮೇಲೆ ಕೂರುತ್ತಿತ್ತು. ನನಗೆ ಬಹಳ ಹಿತವಾಗುತ್ತಿತ್ತು. ಮನೆಗೆ ಬಂದು ಅಂಗಳದಲ್ಲಿ ಎಲ್ಲರೂ ಇದ್ದಾಗ, "ಇವತ್ತೂ ನನ್ನ ದಾಟಲಿಲ್ಲ ನೋಡ್ರಿ ನಿಮ್ಮ ಸಣ್ಣ ಸೊಸಿ" ಎಂದು ಅತ್ತೆಗೆ ಕೇಳಿಸುವ ಹಾಗೆ ಹೇಳುತ್ತಿದ್ದೆ. ಅತ್ತೆ ಅಡಿಕೆ ಕುಟ್ಟುತ್ತ ಸುಮ್ಮನಿರುತ್ತಿದ್ದರು. ಆ ಸುಮ್ಮನಿರುವುದರ ಅರ್ಥ ನನಗೆ ಆಗ ತಿಳಿಯಲಿಲ್ಲ.

ಓಟಕ್ಕೆ ಇನ್ನೇನು ಸ್ವಲ್ಪ ದಿನ ಇದ್ದಾಗ ನನ್ನ ಆ ಹಿಮ್ಮಡಿಗೂ ಒಂದು ಜಾಲಿ ಮುಳ್ಳು ಹೊಕ್ಕಿತು. ಸೇತುವೆಯ ಹತ್ತಿರ ಗೌರಕ್ಕನ ಚಹಾದಂಗಡಿ ಇದೆ. ಅಲ್ಲಿನ ಕಟ್ಟೆಯ ಮೇಲೆ ಕುಳಿತು ಮುಳ್ಳು ತೆಗೆಯಲು ನೋಡಿದೆ, ಬರಲಿಲ್ಲ.

"ನೀ ಮುಂದಿನ ಸೇತುವಿ ಮುಟ್ಟಿ ಬಾ" ಎಂದು ವಿದ್ಯಾಗೆ ಹೇಳಿದೆ. "ನನ್ನ ಸಲುವಾಗಿ ನಿಂದ್ಯಾಕ ನಿಲ್ಲಬೇಕು."

"ಒಬ್ಬಾಕೇ ಹೋಗ್ಲೇನ್ರಿ?"

"ಹೋಗ ಅಂದ್ನೆಲ್ಲ."

ಹೋದಳು. ಗೌರಕ್ಕ ಚಹಾ ಸೋಸುತ್ತಿದ್ದವಳು ಜರಡಿ ಹಿಡಿದುಕೊಂಡೇ ನಿಂತುಬಿಟ್ಟಳು. ಕಾಲುವೆಯ ದಂಡೆಯ ಮೇಲೆ ಆ ಗುಲಾಬಿ ಬೂಟು ನೆಲಕ್ಕೆ ತಾಗುತ್ತಿದೆಯೋ ಇಲ್ಲವೋ ಅನ್ನುವಂತಿತ್ತು. ಎದುರಿಗೆ ಬಂದ ಸೈಕಲ್ಲಿನವನು ಇಳಿದು ದಾರಿ ಬಿಟ್ಟ. ದಿನವೂ ನನ್ನ ಹಿಂದೆ ಓಡುತ್ತಿದ್ದ ಹೆಂಗಸು ಅವಳಲ್ಲವೇ ಅಲ್ಲ.

"ಏ ಅನ್ನಪೂರ್ಣಾ" ಅಂದಳು ಗೌರಕ್ಕ. "ಇಷ್ಟ ದಿನಾ ಎಮ್ಮಿ ಹಿಂದ ಕರಾ ಬಂದಂಗ ಬರ್ತಿದ್ಲಲ್ಲ ಈಕಿ. ಇವತ್ತ ನೋಡ, ಮೊಲಾ."

"ಎಮ್ಮಿ ಯಾರ?"

"ನಾ ಹೆಸರ ಹೇಳೇನೇನ?"

ಚಹಾ ಕುಡಿಯದೇ ಎದ್ದೆ. ಮುಳ್ಳು ಕಾಲಲ್ಲೇ ಇತ್ತು, ಅದರ ನೋವು ಗೊತ್ತಾಗಲಿಲ್ಲ. ಅವಳು ನನಗಿಂತ ಜೋರು ಓಡುತ್ತಾಳೆ ಅನ್ನುವುದನ್ನು ಹೇಗೋ ನುಂಗಿಕೊಳ್ಳುತ್ತಿದ್ದೆನೇನೋ. ದಿನವೂ ಉಸಿರು ತಡೆದು, ಹೆಜ್ಜೆ ಸಣ್ಣದು ಮಾಡಿ, ನನಗೆ ಗೊತ್ತಾಗದ ಹಾಗೆ ಹಿಂದೆ ಬಂದಳಲ್ಲ, ನಾನು ಅಂಗಳದಲ್ಲಿ ಜಂಬ ಕೊಚ್ಚುವಾಗ ತಲೆ ಬಗ್ಗಿಸಿ ಬೂಟಿನ ಧೂಳು ಒರೆಸಿಕೊಂಡಳಲ್ಲ, ಅದು ಗಂಟಲಲ್ಲಿ ಇಳಿಯಲಿಲ್ಲ. ಅತ್ತೆಗೂ ಗೊತ್ತಿತ್ತು. ಎಲ್ಲರಿಗೂ ಗೊತ್ತಿತ್ತು.

ಅವಳು ತಿರುಗಿ ಬಂದಾಗ ನಾನು ಏನನ್ನೂ ನೋಡಿಲ್ಲದವಳಂತೆ ಇದ್ದೆ. ಮನೆ ಹತ್ತಿರ ಬಂದ ಮೇಲೆ ಹೇಳಿದೆ.

"ಓಟದ ದಿನಾನೂ ನನ್ನ ಹಿಂದ ಇರಬೇಕು ನೀ."

ಒಲ್ಲೆ ಅನ್ನಲಿ ಎಂದು ಕಾದೆ. ಅಂದಿದ್ದರೆ ಅಲ್ಲೇ ಕಾಲುವೆಯ ದಂಡೆಯ ಮೇಲೆ ನಾಲ್ಕು ಮಂದಿ ಕೂಡುವ ಹಾಗೆ ಜಗಳ ತೆಗೆದು ಹಗುರಾಗುತ್ತಿದ್ದೆ.

"ಆತ್ರಿ ಅಕ್ಕಾರ" ಅಂದಳು.

ಓಟದ ದಿನ ಹುಕ್ಕೇರಿಯಲ್ಲಿ ಜನವೋ ಜನ. ನಿಡಸೋಸಿಯ ಕಾಲೇಜಿನ ಹುಡುಗಿಯರು ಕಾಲು ಮಡಚಿ, ಸೊಂಟ ತಿರುಗಿಸಿ ಏನೇನೋ ಮಾಡುತ್ತಿದ್ದರು. ನಮ್ಮಿಬ್ಬರ ಕುಪ್ಪಸಕ್ಕೆ ನಂಬರಿನ ಕಾಗದ ಚುಚ್ಚಿದರು. ಹೊರಟೆವು. ಮುಂದೆ ನಾನು, ಹಿಂದೆ ಅವಳು.

ಮೊದಲ ಅರ್ಧ ದಾರಿ ನನ್ನದೇ. ಕಾಲೇಜಿನ ಹುಡುಗಿಯರು ಆರಂಭದಲ್ಲಿ ಹಾರಿ ಹೋದವರು ಒಬ್ಬೊಬ್ಬರಾಗಿ ಗಿಡದ ನೆರಳಲ್ಲಿ ಸೊಂಟ ಹಿಡಿದು ನಿಂತಿದ್ದರು. ಅವರನ್ನು ದಾಟುವಾಗ ಅತ್ತೆ ಇಲ್ಲಿರಬೇಕಿತ್ತು ಅನ್ನಿಸಿತು. ಅತ್ತೆ ಮಾಳು ಜೊತೆ ಧುಪದಾಳದಲ್ಲಿ ಕಾಯುತ್ತಿದ್ದರು. ಬಿಸಿಲು ಏರಿತು. ಡಾಂಬರು ಕಾಲು ಸುಟ್ಟಿತು. ಮುಳ್ಳು ಇನ್ನೂ ಒಳಗೇ ಉಳಿದಿದ್ದ ಜಾಗ ಮಿಡಿಯತೊಡಗಿತು. ನನ್ನ ಉಸಿರು ನನಗೇ ಕಮ್ಮಾರನ ತಿದಿಯ ಹಾಗೆ ಕೇಳುತ್ತಿತ್ತು. ಬೆನ್ನ ಹಿಂದೆ ಅವಳ ಬೂಟಿನ ಸಪ್ಪಳ ಮಾತ್ರ ಹೊರಟಾಗ ಹೇಗಿತ್ತೋ ಹಾಗೇ. ತಪ್ಪ್ ತಪ್ಪ್ ತಪ್ಪ್. ಬೈದಿದ್ದರೂ ಅಷ್ಟು ಸಿಟ್ಟು ಬರುತ್ತಿರಲಿಲ್ಲ.

ಆಗ ಹಸಿರು ಬನಿಯನ್ ತೊಟ್ಟ ಒಬ್ಬ ಹೆಂಗಸು ನಮ್ಮ ಬಾಜೂಕ್ಕೆ ಬಂದಳು. ನನಗಿಂತ ಸ್ವಲ್ಪ ಸಣ್ಣವಳು, ಮೂಡಲಗಿಯವಳು ಎಂದು ಬೆಳಿಗ್ಗೆ ಮೈಕಿನಲ್ಲಿ ಕೂಗಿದ್ದರು. ನಮ್ಮಿಬ್ಬರನ್ನೂ ನೋಡಿ ನಕ್ಕಳು.

"ಏನ್ರಿ ಅಕ್ಕಾರ, ಕುರಿ ಹೊಡ್ಕೊಂಡು ಹೊಂಟಂಗ ಹೊಂಟೀರಲ್ಲ. ಒಬ್ಬಾಕಿ ಮುಂದ, ಒಬ್ಬಾಕಿ ಹಿಂದ. ನಡಕ ಕುರಿ ಎಲ್ಲಿ?"

ಹಾಗೆ ಅಂದು ದಾಟಿ ಹೋದಳು. ಅವಳ ಮುಂದೆ ಇನ್ನು ಯಾವ ಹೆಂಗಸೂ ಇರಲಿಲ್ಲ. ಬಿರುಸು ಮಾಡಲು ನೋಡಿದೆ. ಕಾಲು ಕೇಳಲಿಲ್ಲ. ಜನ್ಮದಲ್ಲಿ ಮೊದಲ ಸಲ ನನ್ನ ಕಾಲು ನನ್ನ ಮಾತು ಕೇಳಲಿಲ್ಲ.

ನನ್ನ ನೆಗೆಣ್ಣಿ ನನ್ನನ್ನು ದಾಟುವುದು ನನಗೆ ಆಗದ ಮಾತು. ಆದರೆ ಮೂಡಲಗಿಯ ಹಸಿರು ಬನಿಯನ್ನಿನವಳು ನಮ್ಮ ಮನೆತನವನ್ನೇ ಆಡಿಕೊಂಡು ಮುಂದೆ ಹೋಗುವುದು ಇನ್ನೂ ಆಗದ ಮಾತು. ಹಲ್ಲಿನಿಂದ ಕಚ್ಚಿ ಮುಂಗೈಯ ಉಣ್ಣೆಯ ಎಳೆ ಹರಿದೆ. ತಿರುಗಿ ನೋಡದೇ ಹಿಂದಕ್ಕೆ ಚಾಚಿದೆ.

"ಹಿಡಿ. ಆಕಿನ್ನ ದಾಟು."

ಸಪ್ಪಳ ಒಂದು ಗಳಿಗೆ ತಪ್ಪಿತು. "ಅಕ್ಕಾರ, ಇದು ಹಗ್ಗದ್ದಲ್ರಿ?"

"ಗೊತ್ತೈತಿ ನನಗ. ಹಿಡದು ಸಾಯಿ."

ಕೈಯಿಂದ ಎಳೆ ಹೋಯಿತು. ಗುಲಾಬಿ ಬೂಟು ನನ್ನ ಪಕ್ಕದಲ್ಲಿ ಕಂಡಿತು, ಮುಂದೆ ಕಂಡಿತು, ಆಮೇಲೆ ತಿರುವಿನಲ್ಲಿ ಕಾಣಲಿಲ್ಲ. ಧೂಳು ನನ್ನ ಬಾಯಿಗೆ ಬಂತು.

ಉಳಿದ ದಾರಿಯನ್ನು ನಾನು ಹೇಗೆ ಓಡಿದೆನೋ, ಅದು ಓಟ ಅಲ್ಲ. ಒಬ್ಬಿಬ್ಬರು ನನ್ನನ್ನು ದಾಟಿದರು. ಮನಸ್ಸಿನಲ್ಲಿ ಒಂದೇ ಚಿತ್ರ. ಅವಳ ಕೊರಳಿಗೆ ಹಾರ, ಅತ್ತೆಯ ಕೈ ಅವಳ ಗಲ್ಲದ ಮೇಲೆ, ಮಾಳು ಎಲ್ಲರಿಗೂ ಪೇಢೆ ಹಂಚುವುದು. ನಾನೇ ಮಾಡಿಕೊಂಡದ್ದು. ಆ ಎಳೆಯನ್ನು ಯಾಕಾದರೂ ಕೊಟ್ಟೆನೋ ಎಂದು ಧುಪದಾಳ ಬರುವ ತನಕ ನನ್ನನ್ನೇ ಬೈದುಕೊಂಡೆ.

ಅಣೆಕಟ್ಟಿನ ಹತ್ತಿರ ಗದ್ದಲ ಕೇಳಿತು. ಅದು ಸಂತೋಷದ ಗದ್ದಲ ಅಲ್ಲ. ಮಂದಿ ಕೈ ಬೀಸಿ ಬೀಸಿ ಯಾರಿಗೋ ಬೈಯುತ್ತಿದ್ದರು. ಮೈಕ್ ಹಿಡಿದಿದ್ದ ಸತ್ಯಪ್ಪ ಎಂಬ ಮಾಸ್ತರು ಅಂಗಲಾಚುತ್ತಿದ್ದರು.

"ತಂಗಿ, ಒಂದು ಹೆಜ್ಜಿ ಇಡವಾ. ಒಂದ ಹೆಜ್ಜಿ. ನಿನಗ ಕೈ ಮುಗೀತೀನಿ."

ರಸ್ತೆಗೆ ಅಡ್ಡ ಎಳೆದ ಸುಣ್ಣದ ಗೆರೆ. ಅದರ ಈಚೆಗೆ ವಿದ್ಯಾ ನಿಂತಿದ್ದಳು. ಮೂಡಲಗಿಯವಳು ಗೆರೆಯ ಆಚೆಗೆ ಹಾರ ಹಾಕಿಕೊಂಡು ನೀರು ಕುಡಿಯುತ್ತಿದ್ದಳು. ವಿದ್ಯಾ ಅವಳಿಗಿಂತ ಎಷ್ಟೋ ಮೊದಲು ಬಂದು, ಗೆರೆಯ ಮುಂದೆ ಕಂಬದ ಹಾಗೆ ನಿಂತುಬಿಟ್ಟಿದ್ದಳಂತೆ. ಮಾಳು ತಲೆ ತಲೆ ಬಡಿದುಕೊಂಡು, "ಲೇ, ನಿನಗ ಬೂಟ್ ಯಾಕ ತಂದ್ನಿ ನಾ?" ಎಂದು ಕೇಳುತ್ತಿದ್ದ. ಅತ್ತೆ ಬೇವಿನ ಗಿಡದ ಕೆಳಗೆ ಕೂತಿದ್ದರು.

ನಾನು ಕುಂಟುತ್ತ ಹತ್ತಿರ ಹೋದೆ. "ಯಾಕ ನಿಂತಿ?"

"ನೀವು ಬರೂತನಕ ಹೊರಿ ಹೆಂಗ ಇಳಸ್ಲಿರಿ?" ಅಂದಳು. ಉಣ್ಣೆಯ ಎಳೆ ಅವಳ ಬೆರಳಿಗೆ ಸುತ್ತಿತ್ತು. "ಮೊದಲ ನೀವು ದಾಟ್ರಿ ಅಕ್ಕಾರ."

ಕುದುರೆಯನ್ನೇ ನೋಡದವಳು. ಹೊರೆ ಇಲ್ಲ, ಒಲೆ ಇಲ್ಲ, ಸುಣ್ಣದ ಗೆರೆಯನ್ನು ಬಿಡಾರ ಮಾಡಿಕೊಂಡು ನಿಂತಿದ್ದಾಳೆ. ನಗಬೇಕೋ ಹೊಡೆಯಬೇಕೋ ತಿಳಿಯಲಿಲ್ಲ.

ಗೆರೆ ನನ್ನ ಮುಂದೆ ಇತ್ತು. ಒಂದು ಹೆಜ್ಜೆ ಇಟ್ಟಿದ್ದರೆ, ಇಷ್ಟು ದಿನ ನಾನು ಬಯಸಿದ್ದು, ಅತ್ತೆಯ ಎದುರಿಗೆ, ಮಂದಿಯ ಎದುರಿಗೆ, ನನ್ನದಾಗುತ್ತಿತ್ತು. ಕಾಲುವೆಯ ದಂಡೆಯ ಮೇಲೆ ದಿನವೂ ನನಗೆ ಹಾಕುತ್ತಿದ್ದ ಭಿಕ್ಷೆಯನ್ನೇ ಇಲ್ಲಿ ಎಲ್ಲರ ಮುಂದೆ ಹಾಕುತ್ತಿದ್ದಳು, ಅದೂ ತಲೆ ಬಗ್ಗಿಸಿ. ನಾನು ಅವಳ ಹಿಂದೆ ಹೋದೆ. ಎರಡೂ ಕೈಯಿಂದ ಬೆನ್ನಿಗೆ ಜೋರಾಗಿ ದಬ್ಬಿದೆ. ಗೆರೆ ದಾಟಿ ಮುಗ್ಗರಿಸಿ ಮಾಸ್ತರ ಕಾಲ ಹತ್ತಿರ ಬಿದ್ದಳು. ಆಮೇಲೆ ನಾನು ದಾಟಿದೆ.

ಮಂದಿ ಚಪ್ಪಾಳೆ ತಟ್ಟಿದರು. ಮಾಸ್ತರು ಮೈಕಿನಲ್ಲಿ ಹಿರಿಯರ ಮರ್ಯಾದೆ, ಕಿರಿಯಳ ತ್ಯಾಗ ಎಂದು ಏನೇನೋ ಹೇಳಿದರು. ಮೂಡಲಗಿಯವಳು ಬಂದು ತನ್ನ ಹಾರ ತೆಗೆದು ವಿದ್ಯಾಳ ಕೊರಳಿಗೆ ಹಾಕಿದಳು. ಅಂದರೆ ಗೆದ್ದಿದ್ದರೂ ಅವಳಿಗೇ ಹಾರ, ಸೋತರೂ ಅವಳಿಗೇ ಹಾರ. ನಾನು ಬೇವಿನ ನೆರಳಿಗೆ ಹೋಗಿ ಕಾಲು ಚಾಚಿ ಕೂತೆ.

ಅತ್ತೆ ನನ್ನ ಹಿಮ್ಮಡಿಯನ್ನು ತೊಡೆಯ ಮೇಲೆ ಎತ್ತಿಕೊಂಡು, ಸೊಂಟದ ಚೀಲದಿಂದ ಸೂಜಿ ತೆಗೆದರು.

"ಹಗ್ಗಾ ಕೊಟ್ಯಾ?"

"ಕೊಟ್ನಿ."

"ನಾ ನಿನಗ ಕೊಟ್ಟಾಗ ನನಗೂ ಹಿಂಗ ಹೊಟ್ಟ್ಯಾಗ ಬೆಂಕಿ ಬಿದ್ದಿತ್ತು" ಅಂದರು. "ಅಳ್ಳಾಡಬ್ಯಾಡ."

ಮುಳ್ಳು ಬಂತು. ಹೊಟ್ಟೆಯದು ಬರಲಿಲ್ಲ.

ಮುಂದಿನ ವಾರ ಬೆಳಿಗ್ಗೆ ನಾನು ಕಚ್ಚೆ ಹಾಕಿಕೊಂಡು ಅಂಗಳಕ್ಕೆ ಬಂದಾಗ ವಿದ್ಯಾ ಬೂಟು ಕಟ್ಟಿಕೊಂಡು ಬಾಗಿಲ ಹತ್ತಿರ ನಿಂತಿದ್ದಳು, ನಾನು ಮುಂದೆ ಹೋಗಲಿ ಎಂದು. ಉಣ್ಣೆಯ ಎಳೆಯನ್ನು ತಿರುಗಿ ಕೊಡಲು ಕೈ ಚಾಚಿದಳು. ನಾನು ತೆಗೆದುಕೊಳ್ಳಲಿಲ್ಲ.

"ಮುಂದ ನೀ ಹೋಗು. ನಿಮ್ಮಪ್ಪನ ಮನ್ಯಾಗ ಓಡಿದಂಗ ಓಡು. ಒಂದ ಹೆಜ್ಜಿ ಸಣ್ಣದು ಮಾಡಿದ್ರ ಕಾಲ ಮುರೀತೀನಿ."

"ನೀವ್ರಿ?"

"ನಿನ್ನ ಹಿಂದ ಬರ್ತೀನಿ."

ಓಡಿದಳು. ಗೌರಕ್ಕನ ಅಂಗಡಿ ಬರುವುದರೊಳಗೆ ಕಬ್ಬಿನ ಆಚೆಗೆ ಮರೆಯಾದಳು. ಗೌರಕ್ಕ ನನ್ನನ್ನು ನೋಡಿ ಬಾಯಿ ತೆರೆದಳು. ನನ್ನ ಮುಖ ನೋಡಿ ಮುಚ್ಚಿಕೊಂಡಳು.

ಅವಳು ನನ್ನ ಹಿಂದೆ ಉಸಿರು ತಡೆದು ಓಡಿದ್ದಳು. ನಾನು ಹಾಗೆ ಓಡುತ್ತಿಲ್ಲ. ನಾನು ಓಡುತ್ತಿರುವುದು ಅವಳನ್ನು ಹಿಡಿದು, ಆ ಎಳೆಯನ್ನು ಅವಳ ಕೈಯಿಂದ ಕಿತ್ತುಕೊಳ್ಳುವ ಸಲುವಾಗಿ.