ಹತ್ತೊಂಬತ್ತನೇ ಗೋರಿಯ ಗಡಿಗೆ

ಒದೀಲ್ ಗಡಿಗೆಯನ್ನು ತೊಳೆದು ಬೋರಲು ಹಾಕಿದ ಮೇಲೆಯೇ ಇವೋನ್ ಅತ್ತ ನೋಡಿದ್ದು.

"ಒಳಗೆ ಏನೂ ಇರ್ಲಿಲ್ವೇನೇ?"

"ಕಪ್ಪಗೆ ಕಟ್ಕೊಂಡಿತ್ತು. ಉಜ್ಜಿ ತೆಗೆದೆ."

ಇವೋನ್ ಬ್ರಷ್ ಕೆಳಗಿಟ್ಟಳು. ಬುರ್ಗುಂಡಿ ಪ್ರಾಂತ್ಯದ ಆ ಗುಡ್ಡದ ಮೇಲೆ ಬೆನೆಡಿಕ್ಟ್ ಪಂಥದ ಸನ್ಯಾಸಿಗಳ ಹಳೆಯ ಮಠವಿದ್ದ ಜಾಗವನ್ನು ಪುರಾತತ್ವದವರು ಅಗೆಯುತ್ತಿರುವುದು ಇದು ಮೂರನೇ ಬೇಸಿಗೆ. ಉಳಿದಿರುವುದು ಮೊಣಕಾಲೆತ್ತರದ ಗೋಡೆ, ಒಂದು ಬಾವಿ, ಸಾಲು ಗೋರಿಗಳು. ಸಿಕ್ಕಿದ್ದನ್ನು ತೊಳೆಯುವುದು ಇವರಿಬ್ಬರ ಕೆಲಸ. ಒದೀಲ್ ಬಂದು ಹತ್ತು ದಿನವಾಗಿತ್ತು. ಅವಳನ್ನು ಉಳಿಸಿಕೊಳ್ಳುವುದೋ ಬಿಡುವುದೋ ಎಂದು ಮೇಲ್ವಿಚಾರಕ ಗೊಂಟ್ರಾನ್ ಇನ್ನೂ ಹೇಳಿರಲಿಲ್ಲ.

ಹತ್ತೊಂಬತ್ತನೇ ಗೋರಿಯಿಂದ ಬಂದ ಆ ಗಡಿಗೆಯ ಮೈತುಂಬ ತೂತುಗಳಿದ್ದವು. ಆಡು ಸಾಕುವ ಮನೆಯಲ್ಲಿ ಬೆಳೆದ ಒದೀಲ್‌ಗೆ ತೂತಿನ ಗಡಿಗೆಯೆಂದರೆ ಚೀಸು ಮಾಡಲು ಒಡೆದ ಹಾಲು ಬಸಿಯುವ ಪಾತ್ರೆ. ಒಳಗೆ ಎಳ್ಳಷ್ಟು ಕೊಳೆ ಉಳಿದರೂ ಮರುದಿನದ ಚೀಸು ಕೆಡುತ್ತದೆ. ಹಾಗಾಗಿ ಬೆರಳಾಡಿಸಿದರೆ ಕಿರುಗುಟ್ಟುವಷ್ಟು ಉಜ್ಜಿದ್ದಳು.

"ಗೋರಿಯೊಳಗೆ ಯಾರೇ ಚೀಸ್ ಮಾಡ್ತಾರೆ, ಹುಚ್ಚಿ? ಹೆಣದ ಪಕ್ಕ ಕೆಂಡ ತುಂಬಿ ಧೂಪ ಹಾಕಿ ಇಡ್ತಿದ್ರು. ಹೊಗೆ ಬರೋಕೆ ಆ ತೂತು. ನೀ ಉಜ್ಜಿ ತೆಗೆದಿದ್ದು ಆ ಇದ್ದಿಲನ್ನೇ. ಇಷ್ಟು ಗೋರೀಲಿ ಸಿಕ್ಕಿದ್ದು ಇದೊಂದೇ!"

ತೊಳೆದ ನೀರು ಆಗಲೇ ತುರಿಕೆ ಗಿಡಗಳ ಬುಡ ಸೇರಿತ್ತು.

"ಸುಮ್ನಿರು," ಎಂದಳು ಇವೋನ್, ದನಿ ತಗ್ಗಿಸಿ. "ಖಾಲಿನೇ ಬಂತು ಅಂತ ಚೀಟಿ ಬರೀತೀನಿ. ಯಾರು ಕೇಳ್ತಾರೆ?"

"ಆಗ ಆ ಗೋರೀಲಿರೋರಿಗೆ ಕೆಂಡಾನೇ ಇಟ್ಟಿರ್ಲಿಲ್ಲ ಅಂತಾಗುತ್ತಲ್ಲ."

ಒದೀಲ್ ಗಡಿಗೆ ಎತ್ತಿಕೊಂಡು ಗುಂಡಿಯ ಅಂಚಿಗೆ ಹೋದಳು. ಅಲ್ಲಿ ನಿಂತಿದ್ದ ಗೊಂಟ್ರಾನ್‌ಗೆ ನಡೆದದ್ದನ್ನು ಹೇಳಿದಳು. ಗುಂಡಿಯೊಳಗೆ ಯಾರೋ ಕಿಸಕ್ಕೆಂದರು. ಗೊಂಟ್ರಾನ್ ನಗಲಿಲ್ಲ.

"ನಿಮ್ಮಮ್ಮ ಪಾತ್ರೆ ತೊಳೆಯೋದು ಚೆನ್ನಾಗಿ ಕಲಿಸಿದಾರೆ," ಎಂದ. ಸ್ವಲ್ಪ ಹೊತ್ತು ಗಡಿಗೆಯೊಳಗೆ ಇಣುಕಿದ. ಆಮೇಲೆ ದಾಖಲೆ ಪುಸ್ತಕ ತೆಗೆದ. "ಕಪ್ಪು ಎಲ್ಲಿತ್ತು?"

"ತಳದಲ್ಲಿ, ಒಂದು ಬೆರಳು ದಪ್ಪ. ಈ ಕಡೆ ಮೂರು ತೂತು ಮುಚ್ಚೇ ಹೋಗಿದ್ವು. ಎರಡು ಕಡ್ಡಿ ಚೂರೂ ಇತ್ತು, ತೊಗಟೆ ಸಮೇತ."

ಅವನು ಒಂದನ್ನೂ ಬಿಡದೆ ಬರೆದುಕೊಂಡು, ಪುಸ್ತಕವನ್ನು ಅವಳತ್ತ ತಿರುಗಿಸಿದ.

"ಪರೀಕ್ಷೆಗೆ ಕಳ್ಸೋಕೆ ಏನೂ ಉಳಿದಿಲ್ಲ. ಕಂಡವಳು ನೀನೊಬ್ಬಳೇ. ಸಹಿ ಹಾಕು."

ಒದ್ದೆ ಕೈಯನ್ನು ಲಂಗಕ್ಕೆ ಒರೆಸಿಕೊಂಡು ಅವಳು ಹೆಸರು ಬರೆದಳು.

"ನಾಳೆಯಿಂದ ನೀರಿನ ಹತ್ರ ಸುಳೀಬೇಡ. ತಳ್ಳುಗಾಡಿ ತಗೊಂಡು ಮಣ್ಣು ಸಾಗಿಸು," ಎಂದ ಗೊಂಟ್ರಾನ್, ಗಡಿಗೆಯನ್ನು ತನ್ನ ಪಕ್ಕದಲ್ಲೇ ಇಟ್ಟುಕೊಳ್ಳುತ್ತ. "ಬೇಸಿಗೆ ಮುಗಿಯೋವರೆಗೂ."