ಅಗೆಯದೆ ಬಿಟ್ಟ ಮಣ್ಣು

ನಾನು ಒಂದು ಮಣ್ಣಿನ ದಿಬ್ಬ. ನನ್ನನ್ನು ಯಾರೂ ಕಟ್ಟಲಿಲ್ಲ. ಕುಷ್ಟಗಿ ಕಡೆಯ ಬಯಲಿನಲ್ಲಿ ಕೆರೆಯ ಏರಿಗೆಂದು ಮಣ್ಣು ಅಗೆದರು. ಸುತ್ತಲಿನ ನನ್ನ ಬಂಧುಬಳಗವೆಲ್ಲ ಬುಟ್ಟಿ ಹತ್ತಿ ಹೋಯಿತು. ಗುಂಡಿಯ ನಡುವೆ ನನ್ನೊಬ್ಬನನ್ನು ಬಿಟ್ಟರು. ಅದೇ ನನ್ನ ಹುಟ್ಟು.

ಬಿಟ್ಟದ್ದು ಪ್ರೀತಿಯಿಂದಲ್ಲ. ನೆಲ ಮೊದಲು ಎಷ್ಟು ಎತ್ತರವಿತ್ತು ಎನ್ನುವುದಕ್ಕೆ ಸಾಕ್ಷಿ ಬೇಕಲ್ಲ! ನನ್ನ ನೆತ್ತಿಯಿಂದ ತಳದವರೆಗೆ ಅಳೆದರೆ ಆಳ ಸಿಗುತ್ತದೆ. ಅದನ್ನು ಗುಂಡಿಯ ಉದ್ದಗಲದಿಂದ ಗುಣಿಸಿದರೆ ತೆಗೆದ ಮಣ್ಣಿನ ಲೆಕ್ಕ. ಆ ಲೆಕ್ಕಕ್ಕೇ ಕೂಲಿ. ನೆತ್ತಿಯ ಹಳೇ ಹುಲ್ಲನ್ನು ಮಾತ್ರ ಯಾರೂ ಮುಟ್ಟಬಾರದು. ಹುಲ್ಲಿದ್ದರೆ ಮೇಲೆ ಮಣ್ಣು ಏರಿಸಿ ಮೋಸ ಮಾಡಿಲ್ಲ ಎಂದರ್ಥ.

ಒಂಟಿತನ ಏನೆಂದು ನನ್ನನ್ನು ಕೇಳಿ. ನೆಲವಾಗಿದ್ದಾಗ ನನಗೆ ನೆರಳೇ ಇರಲಿಲ್ಲ. ಈಗ ಅದೊಂದೇ ಜತೆ. ಅಗೆಯುವ ತಂಡದ ಹಿರಿಯಾಳು ದುರುಗವ್ವ ತನ್ನ ಕೂಸನ್ನು ಆ ನೆರಳಲ್ಲಿ ಮಲಗಿಸುತ್ತಿದ್ದಳು. ಹೊತ್ತು ಹೊರಳಿದಂತೆ ಕೂಸನ್ನೂ ಸರಿಸುತ್ತಿದ್ದಳು. ಅದು ಕೈಯಾಡಿಸಿ ನನ್ನ ಮಗ್ಗುಲು ಕೆರೆದಾಗ ನನಗೂ ಯಾರೋ ಇದ್ದಾರೆ ಅನ್ನಿಸುತ್ತಿತ್ತು.

ಒಂದು ದಿನ ನೆಲ ಕಾದು ಕೂಸು ಚೀರಿತು. ದುರುಗವ್ವ ಹಿಂದೆಮುಂದೆ ನೋಡದೆ ನನ್ನ ನೆತ್ತಿಯ ಗರಿಕೆಯನ್ನೆಲ್ಲ ಕಿತ್ತು ಅದರಡಿ ಹಾಸಿದಳು. ಬೇಡವ್ವಾ ಎನ್ನಲು ನನಗೆಲ್ಲಿಯ ಬಾಯಿ?

ಅಳತೆಗೆ ಬಂದ ಇಂಜಿನಿಯರ್ ಸಾಹೇಬರು ನನ್ನ ಬೋಳು ತಲೆ ನೋಡಿದ್ದೇ ಟೇಪು ಸುತ್ತಿದರು.

“ಹುಲ್ಲಿಲ್ಲ. ಮ್ಯಾಲ ಮಣ್ಣು ಏರಿಸೀರಿ. ಈ ಅಳತಿ ನಾ ಬರಕೊಳ್ಳಂಗಿಲ್ಲ.”

“ಇಲ್ರೀ ಸಾಹೇಬ್ರ, ಕೂಸಿಗೆ ಹಾಸಾಕ ನಾನ ಕಿತ್ತೀನ್ರೀ.” ದುರುಗವ್ವ ಕೂಸಿನತ್ತ ಕೈ ತೋರಿದಳು. ಅಳತೆ ಒಪ್ಪದಿದ್ದರೆ ಇಡೀ ತಂಡದ ಬೇಸಿಗೆಯ ದುಡಿಮೆ ಮಣ್ಣುಪಾಲು.

ಸಾಹೇಬರು ಕೂಸಿನಡಿಯ ಬಾಡಿದ ಹುಲ್ಲನ್ನು ನೋಡಿದರು.

“ಹಂಗಾದ್ರ ಇದರ ಒಂದು ಮಗ್ಗಲ ಕಡೀರಿ. ಬೇರು ಅದಾವೇನ ನೋಡೂಣ.”

ದುರುಗವ್ವ ತಾನೇ ಗುದ್ದಲಿ ಎತ್ತಿದಳು. ಕೂಸು ಕೆರೆಯುತ್ತಿದ್ದ ಮಗ್ಗುಲೇ ಅದು. ನೋವಾಯಿತು, ಸುಳ್ಳೇಕೆ ಹೇಳಲಿ. ಆದರೆ ಗರಿಕೆಯ ಬೇರುಗಳು ನೆತ್ತಿಯಿಂದ ಮೊಳದುದ್ದ, ಎಲ್ಲೂ ತುಂಡಾಗದೆ ಇಳಿದಿದ್ದವು. ಏರಿಸಿದ ಮಣ್ಣಿನಲ್ಲಿ ಹಾಗೆ ಬೇರಿರುವುದಿಲ್ಲ. ಸಾಹೇಬರು ಮತ್ತೆ ಟೇಪು ಬಿಚ್ಚಿದರು. ದುರುಗವ್ವ ಅಲ್ಲೇ ಕೂತು ಅತ್ತಳು.

ಅಳತೆ ಮುಗಿದ ಮೇಲೆ ಸಾಕ್ಷಿಗೇನು ಕೆಲಸ? ನನ್ನನ್ನೂ ಕಡಿದು ಬುಟ್ಟಿಗೆ ತುಂಬಿದರು. ಕೂಸು ಅಂಬೆಗಾಲಿಡುತ್ತ ನಾನಿದ್ದ ಜಾಗಕ್ಕೆ ಬಂದು, ಬಿಸಿಲಲ್ಲಿ ಕೂತು ಅತ್ತಿತು. ನಾನು ಅದನ್ನು ಕೊನೆಯ ಸಲ ಕಂಡದ್ದು ಬುಟ್ಟಿಯ ಮೇಲಿಂದ.

ಈಗ ನಾನು ಕೆರೆಯ ಏರಿಯಲ್ಲಿದ್ದೇನೆ. ಬಂಧುಬಳಗವೂ ಇಲ್ಲೇ ಎಲ್ಲೋ ಇದೆ, ಗುರುತು ಹತ್ತುತ್ತಿಲ್ಲ. ದುರುಗವ್ವನ ತಂಡ ಯಾವುದೋ ಊರಿನ ಕಾಲುವೆ ಕೆಲಸಕ್ಕೆ ಹೋಯಿತಂತೆ. ಮಳೆ ಬಿದ್ದು ನನ್ನ ಬೇರುಗಳು ಚಿಗುರಿವೆ. ಒಂದು ಕೂಸಿಗೆ ಹಾಸುವಷ್ಟು ಗರಿಕೆ ಇದೆ. ಈಗ ಯಾರು ಬೇಕಾದರೂ ಕೀಳಬಹುದು. ಯಾರೂ ಬರುವುದಿಲ್ಲ.