ಅನೂರುವಿನ ನೆರಳು ಬಿದ್ದ ಜಾವ

ಬ್ರಹ್ಮಾಂಡವನ್ನು ಉದರದಲ್ಲಿಟ್ಟು ಪೊರೆಯುವ, ಧೂಳಿನ ಕಣಕ್ಕೂ ಒಂದು ಹಾದಿಯನ್ನು ಕರುಣಿಸಿರುವ ಶ್ರೀಹರಿಗೆ ಮೊದಲು ನಮನ.

ನಾನು ಒಂದು ಕ್ಷುದ್ರಗ್ರಹ. ಮಂಗಳ ಮತ್ತು ಗುರುವಿನ ನಡುವಣ ಪಟ್ಟಿಯಲ್ಲಿ, ಸೂರ್ಯನ ಕಡೆಗಿರುವ ಒಳ ಅಂಚಿನಲ್ಲಿ ನನ್ನ ವಾಸ. ಹಿರಿಯ ಶಿಲೆಯೊಂದು ಮತ್ತೊಂದಕ್ಕೆ ಬಡಿದು ಒಡೆದಾಗ, ದುಂಡಗಾಗುವ ಮೊದಲೇ ಹೊರಬಿದ್ದವನು ನಾನು. ಗುರು ಎಳೆದತ್ತ ವಾಲಿದೆ, ಮಂಗಳ ಸೆಳೆದತ್ತ ಸರಿದೆ. ಸೂರ್ಯನನ್ನು ಮಾತ್ರ ಬಿಡಲಿಲ್ಲ. ಯುಗಯುಗಗಳ ಕಾಲ ನನ್ನನ್ನು ಯಾರೂ ಕಾಣಲಿಲ್ಲ.

ಕಂಡವಳು ವೈಜಯಂತಿ. ಬೆಟ್ಟದ ಮೇಲಿನ ವೀಕ್ಷಣಾಲಯದಿಂದ ಕೆಲವೇ ಇರುಳು ನನ್ನನ್ನು ಹಿಂಬಾಲಿಸಿದಳು. ಬಳಿಕ ಮೋಡ ಕವಿಯಿತು. ಹಾದಿ ಖಚಿತವಾಗದಿದ್ದರೆ ನಾನು ಮತ್ತೆ ಕಳೆದುಹೋಗುವವನೇ. ಅವಳಿಗೆ ಉಳಿದದ್ದು ಒಂದೇ ಅವಕಾಶ: ನಾನೊಂದು ನಕ್ಷತ್ರವನ್ನು ಮರೆಮಾಡುವ ಕ್ಷಣ. ಆ ನೆರಳು ಅವಳ ತವರಾದ ಬಾಗಲಕೋಟೆಯ ಮೇಲೆ ಬೀಳಬಹುದಿತ್ತು. ಅಲ್ಲಿದ್ದವರು ತಂದೆ ಧೀರೇಂದ್ರಾಚಾರ್ಯರು, ಪಂಚಾಂಗ ರಚಿಸುವವರು. “ಮಂಗಳವಾರ ಬೆಳಗಿನ ಜಾವ” ಎಂದು ಅವಳು ತಿಳಿಸಿದಳು. ಮಾಳಿಗೆಯ ಮೇಲೆ ಹಳೆಯ ದುರ್ಬೀನು ಸಿದ್ಧವಾಯಿತು.

ನಾನು ಧಾವಿಸಿದೆ. ನಿಂತು ಕಾಯುವುದು ನನ್ನ ಕೈಯಲ್ಲಿರಲಿಲ್ಲ.

ಆ ಜಾವ ದೂರವಾಣಿ ಮೊಳಗಿದಾಗ ಆಚಾರ್ಯರು ನಿತ್ಯದಂತೆ ಬಾವಿಕಟ್ಟೆಯಲ್ಲಿ ಸ್ನಾನ ಮುಗಿಸುತ್ತಿದ್ದರು.

“ಅಪ್ಪಾ, ದುರ್ಬೀನಿಗೆ ಕಣ್ಣ ಹಚ್ಚೀರಿಲ್ಲೋ?”

“ಅದು ನಾಳೆ ಅಲ್ಲೇನವಾ? ಇವತ್ತಿನ್ನೂ ಸೋಮವಾರ.”

“ಮಂಗಳವಾರ ಶುರುವಾಗಿ ಎಷ್ಟೋ ಹೊತ್ತಾತು.”

“ಸೂರ್ಯ ಎಲ್ಲಿ ಹುಟ್ಯಾನ? ಉದಯ ಆಗೂತನಕಾ ವಾರ ಬದಲಾಗೂದಿಲ್ಲ. ಸಣ್ಣಾಕಿ ಇದ್ದಾಗನ ಕಲಿಸೇನಿ ನಿನಗ.”

“ಮ್ಯಾಲೆ ಹತ್ತರಿ ಅಪ್ಪಾ. ವಾರದ ಜಗಳ ಆಮ್ಯಾಲೆ ಆಡೂಣು.”

ಒದ್ದೆ ಪಂಚೆಯಲ್ಲೇ, ದೂರವಾಣಿಯನ್ನು ಕೈಯಲ್ಲಿ ಹಿಡಿದೇ ಅವರು ಮೆಟ್ಟಿಲೇರಿದರು. ಆಕಾಶ ಅವರಿಗೆ ಕಂಠಪಾಠವಾಗಿತ್ತು. ಮಗಳು ಹೇಳಿದ್ದ ತಾರೆಯನ್ನು ಹುಡುಕಲು ತಡವಾಗಲಿಲ್ಲ. ಕಣ್ಣು ಹಚ್ಚಿದ್ದೇ ತಡ, ನಾನು ಆ ತಾರೆಗೆ ಅಡ್ಡ ಬಂದೆ.

“ಹೋತು,” ಎಂದರು ಆಚಾರ್ಯರು. ಆಮೇಲೆ, ನಾನು ಸರಿದೊಡನೆ, “ಬಂತು.”

ಅತ್ತ ವೈಜಯಂತಿ ಆ ಎರಡು ಮಾತುಗಳ ಕಾಲವನ್ನು ಹಿಡಿದಿಟ್ಟಳು. ನನ್ನ ಹಾದಿ ನಿಶ್ಚಯವಾಯಿತು. ನಾನು ಕಳೆದುಹೋಗಲಿಲ್ಲ.

“ಅದಕ್ಕ ನಿಮ್ಮ ಹೆಸರ ಇಡೂಣೇನು?”

“ಸೋಮವಾರ ಅಂತ ನೀರ ಹೊಯ್ಕೋತ ನಿಂತವನ ಹೆಸರು ಯಾಕವಾ? ಅನೂರು ಅನ್ನು, ತೊಡಿ ಇಲ್ಲದಂವಾ. ತತ್ತಿ ಹೊತ್ತಿಗೆ ಮೊದಲ ಒಡದು ಅರ್ಧಾ ಮೈಯಿಂದ ಹುಟ್ಟಿದಂವಾ. ಆದರೂ ಸೂರ್ಯನ ಸಾರಥಿ ಆದ.”

ನಾನು ಬಂದ ವಾರ ಯಾವುದೆಂದು ತಂದೆ ಮಗಳು ಇನ್ನೂ ಒಪ್ಪಿಲ್ಲ. ನಾನು ತಿರುಗುತ್ತಲೇ ಇದ್ದೇನೆ, ಈಗ ಹೆಸರುಳ್ಳವನಾಗಿ. ಅರೆಮೈಯವನನ್ನೂ ರಥವೇರಿಸಿದ ಸ್ವಾಮಿ ಈ ಕಥೆಯನ್ನು ಕೇಳಿದವರೆಲ್ಲರನ್ನೂ ಕಾಯಲಿ. ದಾರಿ ತಪ್ಪಿದವರನ್ನು ಅರಸುವ ಕಣ್ಣೊಂದು ನಿಮ್ಮ ಮನೆಯ ಮಾಳಿಗೆಯಲ್ಲಿ ಸದಾ ಎಚ್ಚರವಾಗಿರಲಿ.